ಮುಳ್ಳು ಸೊನ್ನೆಗೆ ಮರಳಿದ ಮೇಲೆ

ಶಾಲೆಯ ಪ್ರಯೋಗ ಪುಸ್ತಕದಲ್ಲಿ ನಾನು ಬರೆದ ಒಂದು ವಾಕ್ಯ ಬಹಳ ವರ್ಷ ನನ್ನನ್ನು ಕಾಡಿದೆ. "ದಂಡಕಾಂತವನ್ನು ಸುರುಳಿಯೊಳಗೆ ದೂಡಿದಾಗ ಗ್ಯಾಲ್ವನೋಮೀಟರಿನ ಮುಳ್ಳು ವಿಚಲಿಸುವುದು ಕಂಡುಬಂದಿತು." ಅಕ್ಷರ ದುಂಡಗಿತ್ತು, ಕೆಳಗೆ ಅಡಿಗೆರೆ ಎಳೆದಿದ್ದೆ, ಮೇಷ್ಟ್ರ ಸಹಿಯೂ ಬಿದ್ದಿತ್ತು. ಆದರೆ ನನಗೆ ಅದು ಕಂಡುಬಂದಿರಲೇ ಇಲ್ಲ. ಮುಂದಿನ ಸಾಲುಗಳವರ ತಲೆಗಳ ಸಂದಿಯಲ್ಲಿ, ವಿದ್ಯುತ್ ಹರಿದರೆ ಮುಳ್ಳಾಡಿಸಿ ತೋರಿಸುವ ಆ ಮೀಟರಿನ ಅರ್ಧ ಭಾಗ ಮೇಜಿನ ಮೇಲೆ ಕಾಣುತ್ತಿತ್ತು. ಮೇಷ್ಟ್ರು ಕಾಂತ ದೂಡಿದರು, ಮುಂದೆ ಕೂತವರು "ಹೋ" ಎಂದರು, ನಾನು ಕತ್ತು ಚಾಚಿ ನೋಡುವಷ್ಟರಲ್ಲಿ ಮುಳ್ಳು ಏನೂ ಆಗಿಲ್ಲವೆಂಬಂತೆ ಸೊನ್ನೆಯ ಮೇಲೆ ನಿಂತಿತ್ತು. ಇನ್ನೊಂದು ಸಲ ತೋರಿಸಿ ಸಾರ್ ಎನ್ನುವ ಧೈರ್ಯ ಬರಲಿಲ್ಲ. ಪುಸ್ತಕದಲ್ಲಿ ಹೇಗಿತ್ತೋ ಹಾಗೆ ಬರೆದು ಕೊಟ್ಟೆ.

ಕಾಣದ್ದನ್ನು ಕಂಡೆ ಎಂದು ಬರೆದ ಬೇಸರ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ನಾನು ಅದನ್ನು ತಪ್ಪಿಸಿಕೊಂಡದ್ದಕ್ಕೆ ಹಿಂದಿನ ಬೆಂಚು ಮಾತ್ರ ಕಾರಣವಲ್ಲ, ಆ ವಿದ್ಯಮಾನದ ಗುಣವೇ ಅಂಥದ್ದು ಎಂದು ಆಗ ಯಾರೂ ಹೇಳಲಿಲ್ಲ. ಕಾಂತ ಆಡಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುವ, ವಿದ್ಯುತ್ಕಾಂತೀಯ ಪ್ರೇರಣೆ ಎಂಬ ಈ ಸಂಗತಿ ಇರುವುದೇ ಅದು ನಡೆಯುತ್ತಿರುವಷ್ಟು ಹೊತ್ತು. ನೋಡೋಣ ಎಂದು ತಲೆ ಎತ್ತುವುದರೊಳಗೆ ಮುಗಿದಿರುತ್ತದೆ. ಮೊನ್ನೆ ಅಕ್ಕನ ಮಗಳ ಜೊತೆ ಕೂತು ಮೊದಲಿನಿಂದ ಈ ಪ್ರಯೋಗ ಮಾಡಿದೆ. ಆಗ ಇದು ಪಾಠವಾಗಿ ಅಲ್ಲ, ಅನುಭವವಾಗಿ ಗೊತ್ತಾಯಿತು.

ಸಾವಿರ ಸುತ್ತು

ಬೇಕಾದದ್ದು ಹೆಚ್ಚೇನಿಲ್ಲ. ಮೋಟರ್ ವೈಂಡಿಂಗಿಗೆ ಬಳಸುವ 0.2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ, ಸುತ್ತಲು ಒಂದು ಪ್ಲಾಸ್ಟಿಕ್ ಉರುಳೆ, ಅದರ ತೂತಿನಲ್ಲಿ ಸಲೀಸಾಗಿ ಹೋಗಿಬರುವ ಒಂದು ನಿಯೋಡಿಮಿಯಂ ಕಾಂತ. ಹುಡುಗಿ ಸುತ್ತುತ್ತಾ ಹೋದಳು, ನಾನು ಎಣಿಸುತ್ತಾ ಹೋದೆ, ನೂರಾದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು. ಎರಡು ಸಲ ಲೆಕ್ಕ ತಪ್ಪಿತು. ಐವತ್ತು ಸುತ್ತು ಹೆಚ್ಚು ಕಡಿಮೆಯಾದರೆ ಏನೂ ಕೆಡುವುದಿಲ್ಲ ಎಂದರೂ ಅವಳು ಬಿಡಲಿಲ್ಲ, ಬಿಚ್ಚಿ ಮತ್ತೆ ಸುತ್ತಿದಳು. "ಚಿಕ್ಕಮ್ಮ, ಸಾವಿರ ಅಂದ್ಮೇಲೆ ಸಾವಿರ ಇರ್ಬೇಕು." ಒಂದು ಸುತ್ತಿನ ಸರಾಸರಿ ವ್ಯಾಸ ಮೂರು ಸೆಂಟಿಮೀಟರ್ ಎಂದರೆ ಒಟ್ಟು ತಂತಿ ಸುಮಾರು 94 ಮೀಟರ್, ರೋಧ 50 ಓಮ್‌ಗಳ ಆಸುಪಾಸು. ಅಂಗೈಯಲ್ಲಿ ಹಿಡಿಯುವಂಥ ಉರುಳೆಯಲ್ಲಿ ಅಷ್ಟು ತಂತಿ ಇದೆ ಎಂದಾಗ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಇಷ್ಟು ಸುತ್ತು ಯಾಕೆ ಬೇಕು ಎಂಬುದಕ್ಕೆ ಲೆಕ್ಕ ಸರಳ. ಇಂಥ ಒಂದು ಬೆರಳು ಗಾತ್ರದ ಕಾಂತವನ್ನು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಒಳಗೆ ದೂಡಿದರೆ ಒಂದೊಂದು ಸುತ್ತಿನಲ್ಲಿ ಹುಟ್ಟುವುದು ಹೆಚ್ಚುಕಡಿಮೆ ಒಂದು ಮಿಲಿವೋಲ್ಟ್. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕೂಡುತ್ತಾ ಹೋದರೆ ಸಾವಿರಕ್ಕೆ ಒಂದು ವೋಲ್ಟ್. ಕೆಂಪು ಎಲ್‌ಇಡಿ ಬೆಳಗಲು ಸುಮಾರು 1.8 ವೋಲ್ಟ್ ಬೇಕು, ಹಾಗಾಗಿ ಇನ್ನೂ ಬೇಗ ದೂಡಬೇಕು ಅಥವಾ ಇನ್ನೂ ಸುತ್ತಬೇಕು. ಐವತ್ತು ಸುತ್ತು ಹಾಕಿ ಎಲ್‌ಇಡಿ ಬೆಳಗಲಿಲ್ಲ ಎಂದು ಪ್ರಯೋಗವನ್ನೇ ಕೈಬಿಟ್ಟವರು ಎಷ್ಟೋ ಜನ. ಅವರ ಸುರುಳಿಯಲ್ಲೂ ವಿದ್ಯುತ್ತು ಹುಟ್ಟಿರುತ್ತದೆ, ಬೆಳಕಾಗುವಷ್ಟು ಇರುವುದಿಲ್ಲ, ಅಷ್ಟೇ.

(ಮಕ್ಕಳ ಜೊತೆ ಮಾಡುವವರಿಗೆ ಒಂದು ಮಾತು. ನಿಯೋಡಿಮಿಯಂ ಕಾಂತಗಳು ಒಂದಕ್ಕೊಂದು ಹಾರಿ ಅಂಟಿಕೊಳ್ಳುವಾಗ ಬೆರಳಿನ ಚರ್ಮ ಸಿಕ್ಕಿಕೊಳ್ಳುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಚಿಕ್ಕ ಕಾಂತಗಳನ್ನು ಕೈಗೆ ಸಿಗುವಂತೆ ಇಡಲೇಬೇಡಿ. ಎರಡನ್ನು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಎಳೆಯುತ್ತವೆ. ಅದು ಪ್ರಾಣಕ್ಕೆ ಬರುವ ಅಪಾಯ.)

ಸುತ್ತಿ ಮುಗಿಸಿ ಡಿಜಿಟಲ್ ಮಲ್ಟಿಮೀಟರಿಗೆ ಜೋಡಿಸಿದೆವು. ಕಾಂತ ದೂಡಿದೆವು. ಏನೂ ಇಲ್ಲ. ವೈಂಡಿಂಗ್ ತಂತಿಯ ಮೈಮೇಲೆ ವಿದ್ಯುತ್ ಹಾಯಗೊಡದ ಎನಾಮಲ್ ಲೇಪ ಇರುತ್ತದೆ, ತುದಿಯಲ್ಲಿ ಅದನ್ನು ಕೆರೆದು ತೆಗೆಯದೆ ಜೋಡಿಸಿದ್ದೆ. ಲೇಪವೂ ತಾಮ್ರದ ಬಣ್ಣದ್ದೇ ಆದ್ದರಿಂದ ಕಣ್ಣಿಗೆ ಬೆತ್ತಲೆ ತಂತಿಯಂತೆಯೇ ಕಾಣುತ್ತದೆ. ಉಪ್ಪುಕಾಗದವನ್ನು ಮಡಚಿ ಅದರ ನಡುವೆ ತುದಿಯನ್ನು ಇಟ್ಟು ನಾಲ್ಕೈದು ಸಲ ಎಳೆದ ಮೇಲೆ ಒಳಗಿನ ನಸುಗೆಂಪು ಹೊಳಪು ಹೊರಬಿತ್ತು. ಎರಡೂ ಬಣ್ಣಗಳನ್ನು ಅಕ್ಕಪಕ್ಕ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಈ ವಿದ್ಯಮಾನವನ್ನು ಕಂಡುಹಿಡಿದ ಇಂಗ್ಲಿಷ್ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಕಾಲದಲ್ಲಿ ಈ ತೊಂದರೆ ಇರಲಿಲ್ಲ, ಅವನಿಗಿದ್ದದ್ದು ಇದರ ತದ್ವಿರುದ್ಧ ತೊಂದರೆ. ಲೇಪವಿರುವ ತಂತಿ ಸಿಗುತ್ತಿರಲಿಲ್ಲ. ಬರಿಯ ತಾಮ್ರದ ತಂತಿಯ ಸುತ್ತುಗಳ ನಡುವೆ ದಾರ ಕೂರಿಸಿ, ಪದರ ಪದರದ ನಡುವೆ ಬಟ್ಟೆ ಹಾಸಿ, ಒಂದಕ್ಕೊಂದು ತಾಗದಂತೆ ಸುತ್ತಬೇಕಿತ್ತು. ನಮ್ಮ ಒಂದು ಸಂಜೆಯ ಕೆಲಸಕ್ಕೆ ಅವನು ಎಷ್ಟು ದಿನ ಕೊಟ್ಟನೋ ಎಂದು ಅನ್ನಿಸಿತು.

ಕೆರೆದ ಮೇಲೆ ಮೀಟರಿನಲ್ಲಿ ಅಂಕಿಗಳು ಬಂದವು. ಆದರೆ ಹೊಂದಾಣಿಕೆಯೇ ಇಲ್ಲ. ಒಂದು ಸಲ 310 ಮಿಲಿವೋಲ್ಟ್, ಅದೇ ರೀತಿ ಇನ್ನೊಮ್ಮೆ ದೂಡಿದರೆ 12, ಮತ್ತೊಮ್ಮೆ ಸೊನ್ನೆ. "ಹಾಳಾಗಿದೆಯಾ?" ಎಂದಳು. ಹಾಳಾಗಿರಲಿಲ್ಲ. ಸಾಮಾನ್ಯ ಡಿಜಿಟಲ್ ಮೀಟರು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳತೆ ಹೇಳುತ್ತದೆ. ನಾವು ದೂಡುವ ಕ್ಷಣವೂ ಅದು ಅಳೆಯುವ ಕ್ಷಣವೂ ಕೂಡಿದರೆ ಒಂದು ಅಂಕಿ, ತಪ್ಪಿದರೆ ಸೊನ್ನೆ. ಹಿಂದಿನ ಬೆಂಚಿನಲ್ಲಿ ಕೂತು ಆಗಾಗ ತಲೆ ಎತ್ತುವ ಹುಡುಗಿ ನನಗೆ ನೆನಪಾದಳು.

ಇನ್ನೊಂದು ಕೋಣೆಯಲ್ಲಿದ್ದ ಮೀಟರು

ಮುಳ್ಳಿನ ಮೀಟರು ಮನೆಯಲ್ಲಿರಲಿಲ್ಲ. ದಿಕ್ಸೂಚಿಯೊಂದಿತ್ತು. ಅದರ ಮೇಲೆ ಉತ್ತರ ದಕ್ಷಿಣವಾಗಿ ಐವತ್ತು ಸುತ್ತು ತಂತಿ ಸುತ್ತಿದರೆ ಅದೇ ಗ್ಯಾಲ್ವನೋಮೀಟರ್. ತಂತಿಯಲ್ಲಿ ವಿದ್ಯುತ್ ಹರಿದರೆ ಸೂಜಿ ಪಕ್ಕಕ್ಕೆ ತಿರುಗುತ್ತದೆ, 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್‌ಸ್ಟೆಡ್ ಕಂಡದ್ದು ಅದನ್ನೇ. ಸುರುಳಿಯ ಪಕ್ಕದಲ್ಲೇ ದಿಕ್ಸೂಚಿ ಇಟ್ಟು ಕಾಂತ ಹಿಡಿದು ಕೈ ಮುಂದೆ ಮಾಡುತ್ತಿದ್ದಂತೆ ಸೂಜಿ ಗಿರ್ರನೆ ತಿರುಗಿತು. ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಸುರುಳಿಯ ಒಂದು ತುದಿ ಬಿಡಿಸಿ ಮತ್ತೆ ಕಾಂತ ತಂದೆ. ಸೂಜಿ ಮತ್ತೆ ಹಾಗೆಯೇ ತಿರುಗಿತು. ಅವಳ ಮುಖ ಸಪ್ಪಗಾಯಿತು. ಸೂಜಿಯನ್ನು ತಿರುಗಿಸಿದ್ದು ಸುರುಳಿಯ ವಿದ್ಯುತ್ತಲ್ಲ, ನೇರವಾಗಿ ನಮ್ಮ ಕೈಯಲ್ಲಿದ್ದ ಕಾಂತ. ಇಂಥ ಒಂದು ಬಿಡಿಸಿ ನೋಡುವ ಪರೀಕ್ಷೆ ಇಲ್ಲದೆ ಈ ಪ್ರಯೋಗ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ನೋಡಿದವರಿಗೆ ಖುಷಿ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಹಾಗಾದರೆ ದಿಕ್ಸೂಚಿಯನ್ನು ದೂರ ಇಡಬೇಕು. ಎಷ್ಟು ದೂರ? ಇಲ್ಲಿ ಒಂದು ಹಳೆಯ ಕಥೆ ಇದೆ. 1825ರಲ್ಲಿ ಜಿನೀವಾದ ಕೊಲಾಡಾನ್ ಎಂಬ ಭೌತಶಾಸ್ತ್ರಜ್ಞ ಇದೇ ಪ್ರಯೋಗ ಮಾಡಿದ್ದ. ದೊಡ್ಡ ಸುರುಳಿ, ಬಲವಾದ ಕಾಂತ, ಒಳ್ಳೆಯ ಗ್ಯಾಲ್ವನೋಮೀಟರ್, ಎಲ್ಲ ಇತ್ತು. ಕಾಂತ ನೇರವಾಗಿ ಸೂಜಿಯನ್ನು ಎಳೆಯಬಾರದೆಂಬ ಎಚ್ಚರವೂ ಇತ್ತು. ಅದಕ್ಕೇ ಉದ್ದ ತಂತಿ ಎಳೆದು ಮೀಟರನ್ನು ಇನ್ನೊಂದು ಕೋಣೆಯಲ್ಲಿಟ್ಟ. ಸುರುಳಿಗೆ ಕಾಂತ ತೂರಿಸಿ, ಎದ್ದು, ಆ ಕೋಣೆಗೆ ನಡೆದುಹೋಗಿ ನೋಡಿದ. ಮುಳ್ಳು ಸೊನ್ನೆಯ ಮೇಲಿತ್ತು. ಅವನು ಮಾಡಿದ್ದರಲ್ಲಿ ಒಂದೂ ಅಜಾಗರೂಕತೆಯಲ್ಲ. ಎಚ್ಚರ ವಹಿಸಿದ್ದರಿಂದಲೇ ತಪ್ಪಿಹೋಯಿತು ಎಂಬುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಕಾಂತ ಒಳಗಿದ್ದಷ್ಟು ಹೊತ್ತೂ ವಿದ್ಯುತ್ ಹರಿಯುತ್ತಿರುತ್ತದೆ, ಹೋಗಿ ನೋಡಿದರಾಯಿತು ಎಂದು ಅವನು ನಂಬಿದ್ದ. ಆ ಕಾಲದಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಬ್ಯಾಟರಿಯ ವಿದ್ಯುತ್ ನಿರಂತರ, ಅದರಿಂದ ಹುಟ್ಟುವ ಕಾಂತತ್ವವೂ ನಿರಂತರ. ಹಾಗಿದ್ದ ಮೇಲೆ ಕಾಂತದಿಂದ ಹುಟ್ಟುವ ವಿದ್ಯುತ್ತೂ ನಿರಂತರವಾಗಿಯೇ ಇರಬೇಕಲ್ಲ?

ಆರು ವರ್ಷದ ಮೇಲೆ, 1831ರ ಆಗಸ್ಟ್ 29ರಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫ್ಯಾರಡೆ ಆರು ಅಂಗುಲ ವ್ಯಾಸದ ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಎರಡು ಸುರುಳಿ ಸುತ್ತಿದ. ಒಂದಕ್ಕೆ ಬ್ಯಾಟರಿ, ಇನ್ನೊಂದರ ತಂತಿ ಕಾಂತಸೂಜಿಯ ಮೇಲೆ ಹಾದುಹೋಗುವಂತೆ. ಸೂಜಿ ಇದ್ದದ್ದು ಬಳೆಯಿಂದ ಮೂರು ಅಡಿ ದೂರದಲ್ಲಿ. ಬ್ಯಾಟರಿ ಜೋಡಿಸಿದಾಗ ಸೂಜಿ ಅಲುಗಿ, ತೂಗಾಡಿ, ಮೊದಲಿನ ಜಾಗಕ್ಕೇ ಬಂದು ನಿಂತಿತು. ಬ್ಯಾಟರಿ ಬಿಡಿಸಿದಾಗ ಇನ್ನೊಮ್ಮೆ ಅಲುಗಿತು. ಮೂರು ಅಡಿ ಎಂದರೆ ಕೈ ಇಲ್ಲಿದ್ದರೂ ಕಣ್ಣು ಅಲ್ಲಿರಬಹುದಾದ ದೂರ. ಅಕ್ಟೋಬರ್ 17ರಂದು ಅವನು ಬಳೆ, ಬ್ಯಾಟರಿ ಎರಡನ್ನೂ ಬಿಟ್ಟು ಬರಿಯ ದಂಡಕಾಂತವನ್ನು ಸುರುಳಿಗೆ ತೂರಿಸಿ ನೋಡಿದ. ಇಂದಿಗೂ ಶಾಲೆಗಳಲ್ಲಿ ತೋರಿಸುವುದು ಆ ದಿನದ ಪ್ರಯೋಗವನ್ನೇ. ಅದೇ ಅವಧಿಯಲ್ಲಿ ಅಮೆರಿಕದ ಆಲ್ಬನಿಯಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ ಕೂಡ ತಾನಾಗಿ ಇದನ್ನು ಕಂಡುಕೊಂಡಿದ್ದ, ಪ್ರಕಟಿಸಿದ್ದು ತಡವಾಯಿತು.

ನಾವು ದಿಕ್ಸೂಚಿಯನ್ನು ಒಂದೂವರೆ ಮೀಟರ್ ಆಚೆ, ಮೇಜಿನ ಇನ್ನೊಂದು ತುದಿಗೆ ಸರಿಸಿದೆವು. ಮೊದಲು ತುದಿ ಬಿಡಿಸಿ ಕಾಂತ ಆಡಿಸಿದೆವು. ಸೂಜಿ ಕದಲಲಿಲ್ಲ. ಆಮೇಲೆ ತುದಿ ಕೂಡಿಸಿದೆ. ಅವಳು ಗಲ್ಲವನ್ನು ಮೇಜಿಗೆ ಆನಿಸಿ ದಿಕ್ಸೂಚಿಯ ಮಟ್ಟಕ್ಕೆ ಕಣ್ಣಿಟ್ಟು ಕೂತಳು, ನಾನು ಈ ತುದಿಯಿಂದ ದೂಡಿದೆ. ಸೂಜಿ ಹತ್ತು ಡಿಗ್ರಿಯಷ್ಟು ಪಕ್ಕಕ್ಕೆ ಸರಿದು, ಹಿಂದೆ ಮುಂದೆ ಎರಡು ಮೂರು ಸಲ ತೂಗಿ, ಉತ್ತರಕ್ಕೆ ನಿಂತಿತು. ಹೊರಗೆಳೆದೆ. ಈ ಸಲ ಇನ್ನೊಂದು ಬದಿಗೆ ಸರಿಯಿತು. ನಾನೂ ಅದನ್ನು ಈ ತುದಿಯಿಂದ ನೋಡಿದೆ. ಶಾಲೆಯ ಪುಸ್ತಕದ ಆ ವಾಕ್ಯ ನನ್ನ ಮಟ್ಟಿಗೆ ಅವತ್ತು ನಿಜವಾಯಿತು.

ಒಳಗೇ ಇದೆಯಲ್ಲ, ಮತ್ತ್ಯಾಕಿಲ್ಲ?

ಸೂಜಿ ನಿಂತ ಮೇಲೆ ಅವಳು ಕೇಳಿದ್ದು ಇದು. ಕಾಂತ ಸುರುಳಿಯ ಹೊಟ್ಟೆಯೊಳಗೇ ಕೂತಿದೆ. ಮೊದಲಿಗಿಂತ ಹತ್ತಿರ, ಇದಕ್ಕಿಂತ ಹತ್ತಿರವಾಗಲು ಸಾಧ್ಯವೇ ಇಲ್ಲ. ಆದರೂ ವಿದ್ಯುತ್ ಇಲ್ಲ. ಯಾಕೆ?

ಇಡೀ ಪ್ರಯೋಗದಲ್ಲಿ ಮನಸ್ಸಿಟ್ಟು ನೋಡಬೇಕಾದದ್ದು ಈ ಸೊನ್ನೆಯನ್ನು ಎಂದು ನನಗೆ ಈಗ ಅನ್ನಿಸುತ್ತದೆ. ತೋರಿಸುವವರೆಲ್ಲ ಮುಳ್ಳು ಹಾರುವುದನ್ನು ತೋರಿಸಿ ಮುಂದಕ್ಕೆ ಹೋಗಿಬಿಡುತ್ತಾರೆ. ಕಾಂತವನ್ನು ಒಳಗೇ ಬಿಟ್ಟು, ಒಂದು ನಿಮಿಷ ಸುಮ್ಮನೆ ಕೂತು, ಏನೂ ಆಗದಿರುವುದನ್ನು ನೋಡಿಸುವುದಿಲ್ಲ. ಕಾಂತ ಎಷ್ಟು ಬಲವಾಗಿದೆ, ಎಷ್ಟು ಹತ್ತಿರವಿದೆ ಎಂಬುದನ್ನು ಸುರುಳಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ತನ್ನೊಳಗೆ ಹಾಯುವ ಕಾಂತದ ಬಲರೇಖೆಗಳ (ಕಾಂತದ ಪ್ರಭಾವ ಹರಡಿರುವುದನ್ನು ತೋರಿಸಲು ಎಳೆಯುವ ಗೆರೆಗಳು) ಸಂಖ್ಯೆ ಎಷ್ಟು ಬೇಗ ಬದಲಾಗುತ್ತಿದೆ ಎಂಬುದಕ್ಕೆ ಮಾತ್ರ ಅದು ಮಿಡಿಯುತ್ತದೆ. ಹುಡುಗಿಗೆ ನಾನು ಹೇಳಿದ್ದು ಮೆಟ್ಟಿಲಿನ ಮಾತು. ಮೆಟ್ಟಿಲು ಹತ್ತುವವರಿಗೆ ಏದುಸಿರು ಬರುತ್ತದೆ, ಹತ್ತಿ ಮಹಡಿಯಲ್ಲಿ ನಿಂತವರಿಗೆ ಬರುವುದಿಲ್ಲ. ಎಷ್ಟನೇ ಮಹಡಿ ಎಂಬುದು ಮುಖ್ಯವಲ್ಲ, ಎಷ್ಟು ಬೇಗ ಹತ್ತಿದಿರಿ ಎಂಬುದು ಮುಖ್ಯ. ಹೋಲಿಕೆ ಪೂರ್ತಿ ಸರಿಯಲ್ಲ, ಇಳಿಯುವಾಗ ಉಸಿರು ತಿರುವುಮುರುವಾಗುವುದಿಲ್ಲ. ಆದರೂ ಅವಳಿಗೆ ಹಿಡಿಯಿತು. ತಾನೇ ಮುಂದುವರಿದು ಕಾಂತವನ್ನು ಬಸವನಹುಳುವಿನ ಹಾಗೆ ಒಳಗೆ ಬಿಟ್ಟು ನೋಡಿದಳು. ಸೂಜಿ ಅಲುಗಿದ್ದು ಕಾಣಲೇ ಇಲ್ಲ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ನಿಧಾನವಾಗಿ ದೂಡಿದರೆ ವೋಲ್ಟೇಜ್ ಕಡಿಮೆ, ಆದರೆ ಹೆಚ್ಚು ಹೊತ್ತು. ಬೇಗ ದೂಡಿದರೆ ವೋಲ್ಟೇಜ್ ಹೆಚ್ಚು, ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಎರಡರಲ್ಲೂ ಸುರುಳಿಯಲ್ಲಿ ಹರಿದುಹೋಗುವ ಒಟ್ಟು ವಿದ್ಯುದಾವೇಶ ಒಂದೇ. ಕಾಂತ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದೇ ಅದನ್ನು ನಿರ್ಧರಿಸುತ್ತದೆ. ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇರುವವರು ಕಾಂತವನ್ನು ಸುರುಳಿಯ ಮೂಲಕ ಕೆಳಗೆ ಬೀಳಿಸಿ ನೋಡಬಹುದು. ತೆರೆಯ ಮೇಲೆ ಮೊದಲು ಒಂದು ಉಬ್ಬು, ಆಮೇಲೆ ತಲೆಕೆಳಗಾದ ಇನ್ನೊಂದು ಉಬ್ಬು. ಬೀಳುತ್ತಾ ವೇಗ ಹೆಚ್ಚುವುದರಿಂದ ಎರಡನೆಯದು ಮೊದಲಿನದಕ್ಕಿಂತ ಎತ್ತರ, ಆದರೆ ಇಕ್ಕಟ್ಟು. ಎರಡರ ವಿಸ್ತೀರ್ಣ ಅಳೆದರೆ ಸಮ.

ಕತ್ತಲೆಯಾದ ಮೇಲೆ ಒಂದು ಕೆಂಪು, ಒಂದು ಹಳದಿ ಎಲ್‌ಇಡಿಯನ್ನು ಎದುರುಬದುರಾಗಿ ಸುರುಳಿಗೆ ಜೋಡಿಸಿದೆವು, ಒಂದರ ಉದ್ದ ಕಾಲು ಇನ್ನೊಂದರ ಗಿಡ್ಡ ಕಾಲಿಗೆ. ದೀಪ ಆರಿಸಿ ರಭಸದಿಂದ ದೂಡಿದಾಗ ಕೆಂಪು ಚುಕ್ಕೆ ಮಿನುಗಿತು, ಎಳೆದಾಗ ಹಳದಿ. ಹೋಗಿಬರುವ ವಿದ್ಯುತ್ತನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಚೆಂದದ ದಾರಿ ನನಗೆ ಗೊತ್ತಿಲ್ಲ. "ಹಾಗಾದ್ರೆ ಮನೆ ಕರೆಂಟ್ ನಿಲ್ಲೋದೇ ಇಲ್ವಲ್ಲ, ಯಾರು ದೂಡ್ತಾ ಇರ್ತಾರೆ?" ಎಂದು ಕತ್ತಲೆಯಲ್ಲೇ ಕೇಳಿದಳು. ನೀರು, ಹಬೆ, ಗಾಳಿ ಎಂದೆ. ಸೆಕೆಂಡಿಗೆ ಐವತ್ತೋ ಅರವತ್ತೋ ಸಲ ಒಳಗೆ ಹೊರಗೆ ಎಂಬಂತೆ ಎಲ್ಲೋ ಒಂದು ಕಡೆ ಯಂತ್ರ ತಿರುಗುತ್ತಲೇ ಇರುತ್ತದೆ. ಅದು ನಿಂತ ಗಳಿಗೆಗೆ ನಮ್ಮ ಸೂಜಿಯ ಹಾಗೆ ಎಲ್ಲವೂ ಸೊನ್ನೆ.

ಕೈಗೆ ತಿಳಿಯುವುದು

ಆದರೆ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧ. ಸುರುಳಿಯ ಪ್ರಯೋಗ ನೋಡಿದವರಲ್ಲಿ ಅನೇಕರಿಗೆ ಕಾಂತದಿಂದಲೇ ವಿದ್ಯುತ್ ಬಂತು, ಕಾಂತದೊಳಗಿನ ಏನೋ ಒಂದು ತಂತಿಗೆ ಇಳಿಯಿತು ಎಂಬ ಭಾವನೆ ಉಳಿದುಬಿಡುತ್ತದೆ. ನನಗೂ ಬಹಳ ಕಾಲ ಇತ್ತು. ಕಾಂತ ಎಷ್ಟು ಸಾವಿರ ಸಲ ಹೋಗಿಬಂದರೂ ಸವೆಯುವುದಿಲ್ಲ. ದುಡಿಯುವುದು ಕೈ. ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ತಾನೂ ಒಂದು ಕಾಂತವಾಗಿ, ಬರುವ ಕಾಂತವನ್ನು ತಡೆಯುತ್ತದೆ, ಹೋಗುವ ಕಾಂತವನ್ನು ಹಿಡಿದೆಳೆಯುತ್ತದೆ. 1834ರಲ್ಲಿ ಲೆನ್ಸ್ ಎಂಬ ಭೌತಶಾಸ್ತ್ರಜ್ಞ ಹೇಳಿದ ನಿಯಮ ಇದು. ಆ ತಡೆಯನ್ನು ಮೀರಿ ದೂಡುವ ಶ್ರಮವೇ ವಿದ್ಯುತ್ತಾಗುವುದು. ತಡೆಯುವ ಬದಲು ಸೆಳೆಯುವಂತಿದ್ದರೆ ಕಾಂತವನ್ನು ಒಮ್ಮೆ ತಟ್ಟಿಬಿಟ್ಟರೆ ಸಾಕು, ಅದು ತಾನೇ ವೇಗ ಪಡೆದುಕೊಂಡು ಪುಕ್ಕಟೆ ವಿದ್ಯುತ್ ಕೊಡುತ್ತಾ ಹೋಗಬೇಕಿತ್ತು.

ನಮ್ಮ ಸುರುಳಿಯಲ್ಲಿ ಆ ತಡೆ ಬೆರಳಿಗೆ ತಿಳಿಯುವಷ್ಟಿಲ್ಲ. ಅದಕ್ಕೆ ಒಂದು ಮೀಟರ್ ಉದ್ದದ ದಪ್ಪ ಗೋಡೆಯ ತಾಮ್ರದ ಕೊಳವೆ ತಂದೆ. ತಾಮ್ರಕ್ಕೆ ಕಾಂತ ಅಂಟುವುದಿಲ್ಲ, ಅದನ್ನು ಅವಳು ಮೊದಲೇ ಒತ್ತಿ ಒತ್ತಿ ಪರೀಕ್ಷಿಸಿದಳು. ಕಾಂತದಷ್ಟೇ ಗಾತ್ರದ ಒಂದು ಕಬ್ಬಿಣದ ಬೋಲ್ಟನ್ನು ಮೇಲಿನಿಂದ ಬಿಟ್ಟಾಗ ಅರ್ಧ ಸೆಕೆಂಡಿನೊಳಗೆ ಟಣ್ ಎಂದು ಕೆಳಗೆ ಬಿತ್ತು. ಆಮೇಲೆ ಕಾಂತ ಬಿಟ್ಟಳು. ಸದ್ದಿಲ್ಲ. ಸಿಕ್ಕಿಕೊಂಡಿತೆಂದು ಬಗ್ಗಿ ಕೊಳವೆಯೊಳಗೆ ಇಣುಕಿದಳು. ಅದು ಗೋಡೆಗೂ ಸರಿಯಾಗಿ ತಾಗದೆ, ನಡುವೆ ಸ್ವಲ್ಪ ಓಲಾಡುತ್ತಾ, ಆಳದ ನೀರಿನಲ್ಲಿ ಇಳಿಯುವಂತೆ ಒಂದೇ ಸಮ ವೇಗದಲ್ಲಿ ಇಳಿಯುತ್ತಿತ್ತು. ಕಾಂತ ಸಾಗಿದಂತೆ ಕೊಳವೆಯ ಗೋಡೆಯಲ್ಲಿ ಬಳೆ ಬಳೆಯಾಗಿ ವಿದ್ಯುತ್ ಎದ್ದು ಅದನ್ನು ತಡೆಯುತ್ತದೆ. ಕಾಂತ ಒಂದು ಕ್ಷಣ ನಿಂತರೂ ಆ ತಡೆ ಮಾಯವಾಗಿ ಅದು ಮತ್ತೆ ಬೀಳಲೇಬೇಕು, ಹಾಗಾಗಿ ಕೊಳವೆ ಅದನ್ನು ತಡಮಾಡಿಸಬಲ್ಲದು, ನಿಲ್ಲಿಸಲಾರದು. ಕಳೆದುಹೋದ ಶಕ್ತಿ ತಾಮ್ರದಲ್ಲಿ ಬಿಸಿಯಾಗುತ್ತದೆ. ಇಪ್ಪತ್ತು ಗ್ರಾಂ ಕಾಂತಕ್ಕೆ ಲೆಕ್ಕ ಹಾಕಿದರೆ ಅದು ಕೊಳವೆಯನ್ನು ಬೆಚ್ಚಗಾಗಿಸುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದೆರಡು ಪಾಲಿನಷ್ಟು. ಅವಳು ಅದನ್ನು ಮತ್ತೆ ಮತ್ತೆ ಬಿಟ್ಟಳು, ಕೆಳಗೆ ಅಂಗೈ ಒಡ್ಡಿ ಕಾದು ಹಿಡಿದಳು.

ಕೊನೆಗೆ ಒಂದು ಹಳೆಯ ಆಟಿಕೆಯಿಂದ ಗಿಯರ್ ಸಮೇತ ಚಿಕ್ಕ ಮೋಟರೊಂದನ್ನು ಬಿಚ್ಚಿದೆ. ಮೋಟರಿನೊಳಗಿರುವುದೂ ಸುರುಳಿ, ಕಾಂತಗಳೇ. ಕೈಯಿಂದ ತಿರುಗಿಸಿದರೆ ಅದೇ ಜನರೇಟರ್. ಅದರ ಎರಡು ತಂತಿ ಬಿಡಿಯಾಗಿದ್ದಾಗ ಅಚ್ಚು ಹಗುರಾಗಿ ತಿರುಗುತ್ತದೆ. ತುದಿಗಳನ್ನು ಒಂದಕ್ಕೊಂದು ತಾಗಿಸಿದರೆ ವಿದ್ಯುತ್ ಹರಿಯಲು ದಾರಿಯಾಗುತ್ತದೆ, ಅಚ್ಚು ಬಿಗಿಯುತ್ತದೆ, ಒಳಗೆ ಯಾರೋ ಹಿಡಿದುಕೊಂಡ ಹಾಗೆ. ಅವಳಿಗೆ ಕಣ್ಣು ಮುಚ್ಚಿಕೊಂಡು ಅಚ್ಚನ್ನು ತಿರುಗಿಸುತ್ತಾ ಇರಲು ಹೇಳಿ, ನಾನು ಸದ್ದು ಮಾಡದೆ ತುದಿಗಳನ್ನು ಕೂಡಿಸುತ್ತಾ ಬಿಡಿಸುತ್ತಾ ಹೋದೆ. ಬೆರಳು ತಿರುಗುತ್ತಲೇ ಇತ್ತು. "ಈಗ ಕೂಡಿಸಿದೆ," ಎಂದಳು. ಹೌದು. "ಬಿಟ್ಟೆ." ಹೌದು. ಒಂದು ಸಲ ತುದಿಗಳನ್ನು ಹತ್ತಿರ ತಂದು, ತಾಗಿಸದೆ, ಹಾಗೆಯೇ ಹಿಡಿದುಕೊಂಡೆ. ಅವಳು ಸ್ವಲ್ಪ ಹೊತ್ತು ತಿರುಗಿಸಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ತಿರುಗಿಸಿದಳು.

"ಇನ್ನೂ ಕೂಡಿಸಿಲ್ಲ ನೀವು."